ಕಾಡು ಕಲಿಸಿದ್ದು ಕಾಡಿನವರಿಗೂ ಮರಳಲಿ

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳ ಓದಿಗೆ ಬಹುಕಾಲ ಎರಡೋ ಮೂರೋ ದಾರಿಗಳಷ್ಟೇ ಇದ್ದವು. ವೈದ್ಯಕೀಯ, ಎಂಜಿನಿಯರಿಂಗ್, ಇವೆರಡೂ ಒಗ್ಗದಿದ್ದರೆ ವಾಣಿಜ್ಯ ಅಥವಾ ಕಾನೂನು. ಈಗ ಈ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ವನ್ಯಜೀವಿ ವಿಜ್ಞಾನ ಓದುತ್ತೇವೆ, ಹುಲಿ, ಆನೆ, ಕಪ್ಪೆ, ಕೀಟಗಳ ಬೆನ್ನು ಹತ್ತಿ ಕಾಡುಗಳಲ್ಲಿ ಕೆಲಸ ಮಾಡುತ್ತೇವೆ ಎನ್ನುವ ಯುವಕ ಯುವತಿಯರು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ತಂದೆತಾಯಿಯರಿಗೆ ಆತಂಕವಾಗುವುದು ಸಹಜ. ಸಂಬಳವೆಷ್ಟು, ವೀಸಾದ ಗತಿಯೇನು, ನೆಂಟರಿಷ್ಟರು ಕೇಳಿದರೆ ಏನೆಂದು ಹೇಳುವುದು? ದೂರದ ನೆಲದಲ್ಲಿ ಕಷ್ಟಪಟ್ಟು ನೆಲೆ ಕಂಡುಕೊಂಡವರ ಈ ಪ್ರಶ್ನೆಗಳನ್ನು ಹಗುರವಾಗಿ ಕಾಣಬೇಕಿಲ್ಲ. ಆದರೂ ಇಂಥದೊಂದು ಹಂಬಲ ವಿಶ್ವವಿದ್ಯಾಲಯದ ವಿದ್ಯಾರ್ಥಿಯಲ್ಲಿ ಮೂಡಿತೆಂದರೆ ಅದು ಮನೆಯವರೂ ಸಮುದಾಯವೂ ಸಂತೋಷಪಡಬೇಕಾದ ಸಂಗತಿಯೇ.

ಈ ಹಂಬಲಕ್ಕೆ ಕನ್ನಡ ನೆಲದಲ್ಲಿ ಒಂದು ಪರಂಪರೆಯೂ ಇದೆ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೆಲಕಾಲ ಕೃಷಿಯನ್ನೂ ಮಾಡಿದ್ದ ಉಲ್ಲಾಸ ಕಾರಂತರು ಹುಲಿಯ ಮೋಹಕ್ಕೆ ಬಿದ್ದು ಮತ್ತೆ ವಿದ್ಯಾರ್ಥಿಯಾದರು. 1988ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಆಮೇಲೆ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದು, ಕ್ಯಾಮೆರಾ ಟ್ರ್ಯಾಪ್‌ಗಳ ನೆರವಿನಿಂದ ಹುಲಿಗಳನ್ನು ಎಣಿಸುವ ವಿಧಾನವನ್ನು ನಾಗರಹೊಳೆಯಲ್ಲಿ ರೂಪಿಸಿದರು. 1969ರಲ್ಲಿ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಮಾಧವ ಗಾಡ್ಗೀಳರು ಅಮೆರಿಕದಲ್ಲಿಯೇ ಉಳಿಯದೆ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಪಶ್ಚಿಮಘಟ್ಟದ ಕಾಡು, ಬಿದಿರು, ದೇವರಕಾಡುಗಳ ಅಧ್ಯಯನದಲ್ಲಿ ತೊಡಗಿದರು. ಕಾಡಿನಲ್ಲಿ ಯಾರಿಗೆ ಯಾವ ಹಕ್ಕಿರಬೇಕು ಎಂಬ ವಿಷಯದಲ್ಲಿ ಈ ಇಬ್ಬರ ನಿಲುವುಗಳು ಬೇರೆಬೇರೆ. ಆದರೆ ಪರದೇಶದ ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ಕರ್ನಾಟಕದ ಕಾಡಿಗೆ ತಂದದ್ದರಲ್ಲಿ ಇಬ್ಬರೂ ಒಂದೇ.

ಇಂದಿನ ವಿದ್ಯಾರ್ಥಿಯ ಮುಂದೆ ಇರುವ ಪ್ರಶ್ನೆ ಇದರ ಮುಂದಿನದು. ಕಾಡಿಗೆ ಜ್ಞಾನವನ್ನು ಕೊಂಡೊಯ್ಯುವುದು ಒಂದು ಕೆಲಸ. ಕಾಡಿನಿಂದ ಪಡೆದ ಜ್ಞಾನವನ್ನು, ಅದನ್ನು ಕೊಟ್ಟವರಿಗೆ ಅವರ ಭಾಷೆಯಲ್ಲಿ ಹಿಂದಿರುಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಪದವಿಗಳಿವೆ, ವೇತನಗಳಿವೆ, ಪ್ರಶಸ್ತಿಗಳಿವೆ. ಎರಡನೆಯದನ್ನು ಕೇಳುವವರೇ ಇಲ್ಲ. ವನ್ಯಜೀವಿಗಳ ಮೇಲಿನ ಪ್ರೀತಿ ಸಂರಕ್ಷಣೆಯಾಗಿ ಬೆಳೆಯುವುದೋ ಅಥವಾ ವ್ಯಕ್ತಿಯೊಬ್ಬರ ವೃತ್ತಿಜೀವನದ ಮೆಟ್ಟಿಲಾಗಿ ಉಳಿಯುವುದೋ ಎಂಬುದು ಈ ಎರಡನೆಯ ಕೆಲಸವನ್ನು ನೆಚ್ಚಿಕೊಂಡಿದೆ.

ಬಿಳಿಗಿರಿರಂಗನ ಬೆಟ್ಟದ ಉದಾಹರಣೆ ಇದನ್ನು ಸ್ಪಷ್ಟಪಡಿಸಬಲ್ಲದು. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲಿನಲ್ಲಿ ಸೋಲಿಗರು ತಲೆಮಾರುಗಳಿಂದ ಬದುಕಿದ್ದಾರೆ. ಬೇಸಿಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ನೆಲಕ್ಕೆ ಬಿದ್ದ ಎಲೆಗಳಿಗೆ ಸಣ್ಣದಾಗಿ ಬೆಂಕಿ ಹಾಕುವುದು ಅವರ ರೂಢಿಯಾಗಿತ್ತು. ಇದಕ್ಕೆ ಅವರಿಟ್ಟ ಹೆಸರು ತರಗು ಬೆಂಕಿ. ನೆಲಮಟ್ಟದಲ್ಲಿ ಹರಿದು, ದೊಡ್ಡ ಮರಗಳನ್ನು ಮುಟ್ಟದೆ ಆರಿಹೋಗುವ ಬೆಂಕಿ ಅದು. ಹೊಸ ಹುಲ್ಲು ಚಿಗುರಲಿ, ಓಡಾಟಕ್ಕೆ ದಾರಿ ತೆರವಾಗಲಿ, ಬೇಸಿಗೆ ಏರಿದ ಮೇಲೆ ದೊಡ್ಡ ಕಿಚ್ಚು ಹತ್ತದಿರಲಿ ಎಂಬುದು ಅದರ ಹಿಂದಿನ ವಿವೇಕ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಅವರ ವಾಸ ಪೋಡುಗಳಿಗೆ ಸೀಮಿತವಾಯಿತು, ತರಗು ಬೆಂಕಿ ಅಪರಾಧವಾಯಿತು.

ಮುಂದಿನ ದಶಕಗಳಲ್ಲಿ ಕಾಡಿನ ತಳಭಾಗ ಬದಲಾಯಿತು. ವಸಾಹತು ಕಾಲದಲ್ಲಿ ತೋಟದ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಎಂಬ ಮುಳ್ಳುಪೊದೆ ಬೆಟ್ಟವನ್ನೆಲ್ಲ ಆವರಿಸತೊಡಗಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲೊಮ್ಮೆ, 2008ರಲ್ಲೊಮ್ಮೆ ನಡೆದ ಸಮೀಕ್ಷೆಗಳನ್ನು ಹೋಲಿಸಿದಾಗ, ಆ 11 ವರ್ಷಗಳಲ್ಲಿ ಲಂಟಾನ ಹರಡಿದ ಪ್ರದೇಶ ಸುಮಾರು ಇಮ್ಮಡಿಯಾಗಿದ್ದುದು ಕಂಡುಬಂತು. ಲಂಟಾನ ದಟ್ಟವಾಗಿ ಬೆಳೆದಲ್ಲಿ ಸ್ಥಳೀಯ ಸಸಿಗಳು ಮೇಲೇಳುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ. ಹುಲ್ಲಿಲ್ಲದೆಡೆ ಜಿಂಕೆ ಕಡವೆಗಳಿಗೆ ಮೇವಿಲ್ಲ. ಹುಲಿಯ ಹೊಟ್ಟೆಪಾಡು ಕೂಡ ಕೊನೆಗೆ ಈ ಹುಲ್ಲಿಗೇ ಬಂದು ನಿಲ್ಲುತ್ತದೆ.

ಸೋಲಿಗರನ್ನು ಕೇಳಿದಾಗ ಅವರು ಕೊಟ್ಟ ವಿವರಣೆ ಸರಳವಾಗಿತ್ತು: ತರಗು ಬೆಂಕಿ ನಿಂತಿತು, ಲಂಟಾನ ಹಬ್ಬಿತು. ನೆಲ್ಲಿ ಮರಗಳನ್ನು ಹೀರುವ ಬಂದಳಿಕೆ ಹೆಚ್ಚಿದ್ದಕ್ಕೂ ಅವರು ಇದೇ ಕಾರಣ ಹೇಳಿದರು. ಈ ಮಾತುಗಳನ್ನು ಗಂಭೀರವಾಗಿ ತೆಗೆದುಕೊಂಡ ಅಧ್ಯಯನಗಳು 2010ರಲ್ಲಿ, 2012ರಲ್ಲಿ ಅಂತರರಾಷ್ಟ್ರೀಯ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದವು. ಸೋಲಿಗರ ಮಾತನ್ನು ಅವು ಕಣ್ಣುಮುಚ್ಚಿ ಒಪ್ಪಲಿಲ್ಲ, ಪರೀಕ್ಷೆಗೆ ಒಡ್ಡಿದವು. ಲಂಟಾನದ ಹರಡುವಿಕೆಗೆ ಬೆಂಕಿಯೊಂದೇ ಕಾರಣವಲ್ಲ, ಇತರ ಅಂಶಗಳೂ ಇವೆ ಎಂಬುದನ್ನೂ ಸಂಶೋಧನೆ ತೋರಿಸಿತು. ಇದು ವಿಜ್ಞಾನ ನಡೆಯಬೇಕಾದ ರೀತಿಯೇ. ಪ್ರಯೋಗಾಲಯದಲ್ಲಿ ಹುಟ್ಟಲಾರದ ಪ್ರಶ್ನೆಯೊಂದು ಪೋಡಿನ ಹಿರಿಯರ ಬಾಯಿಂದ ಹೊರಟು ವಿಶ್ವವಿದ್ಯಾಲಯಗಳನ್ನು ತಲುಪಿದ್ದು ಇಲ್ಲಿನ ವಿಶೇಷ.

ಈ ಕಥೆಯಲ್ಲಿ ಕೊರತೆಯೊಂದಿದೆ. ಅದನ್ನು ಕಾಣಲು ಹೊರನಾಡಿನ ವಿದ್ಯಾರ್ಥಿಗಿಂತ ಅನುಕೂಲವಾದ ಜಾಗದಲ್ಲಿ ನಿಂತವರು ಬೇರೆ ಯಾರೂ ಇಲ್ಲ. ಕ್ಯಾಲಿಫೋರ್ನಿಯಾದ ತರಗತಿಯಲ್ಲಿ ಕುಳಿತ ಕನ್ನಡದ ಹುಡುಗಿಗೆ ಇಂದು ಕರೂಕ್, ಯೂರೋಕ್ ಮೂಲನಿವಾಸಿಗಳ ಬೆಂಕಿ ಪದ್ಧತಿ ಪಾಠವಾಗಿಯೇ ಸಿಗುತ್ತದೆ. ಅಮೆರಿಕದ ಅರಣ್ಯ ಸೇವೆ 1935ರಲ್ಲಿ, ಎಲ್ಲೇ ಬೆಂಕಿ ಕಂಡರೂ ಮಾರನೆಯ ಬೆಳಗಿನ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನೀತಿಯನ್ನು ಜಾರಿಗೊಳಿಸಿತ್ತು. ದಶಕಗಟ್ಟಲೆ ಸುಡದೆ ಶೇಖರವಾದ ಒಣಕಸ ಇಂದಿನ ಭೀಕರ ಕಾಳ್ಗಿಚ್ಚುಗಳಿಗೆ ಒಂದು ಕಾರಣವೆಂದು ಈಗ ಅಲ್ಲಿನ ವಿಜ್ಞಾನಿಗಳೇ ಹೇಳುತ್ತಾರೆ. ಮೂಲನಿವಾಸಿಗಳು ಬೆಂಕಿ ಹಾಕುವುದನ್ನು 1850ರಲ್ಲಿಯೇ ನಿಷೇಧಿಸಿದ್ದ ಕ್ಯಾಲಿಫೋರ್ನಿಯಾ, 2021ರಲ್ಲಿ ಕಾನೂನು ತಂದು ಅವರ ಸಾಂಪ್ರದಾಯಿಕ ಬೆಂಕಿಯ ಮೇಲಿದ್ದ ಹೊಣೆಗಾರಿಕೆಯ ಭಯವನ್ನು ತಗ್ಗಿಸಿತು. ಆಸ್ಟ್ರೇಲಿಯಾದ ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿ ಅರಣ್ಯ ಪಾಲಕರು ಒಣಹವೆಯ ಋತುವಿನ ಆರಂಭದಲ್ಲಿಯೇ ಸಣ್ಣ ಬೆಂಕಿ ಹಾಕಿ ದೊಡ್ಡ ಕಿಚ್ಚನ್ನು ತಡೆಯುತ್ತಾರೆ. ಅದಕ್ಕೆ ಅವರಿಗೆ ಆದಾಯವೂ ಇದೆ.

ಸ್ಯಾಕ್ರಮೆಂಟೊದಲ್ಲಿಯೋ ಬ್ರಿಸ್ಬೇನ್‌ನಲ್ಲಿಯೋ ಓದುವ ಕನ್ನಡದ ವಿದ್ಯಾರ್ಥಿಗೆ ಇದೆಲ್ಲ ತಿಳಿದಿರುತ್ತದೆ. ಮೈಸೂರಿನಿಂದ ಒಂದೆರಡು ಗಂಟೆಯ ಹಾದಿಯಲ್ಲಿ, ತನ್ನದೇ ಭಾಷೆಯ ಒಂದು ಬಗೆಯನ್ನು ಆಡುವ ಜನ ಇದೇ ವಿವೇಕವನ್ನು ತರಗು ಬೆಂಕಿ ಎಂದು ಕರೆದಿದ್ದರು ಎಂಬುದು ಮಾತ್ರ ತಿಳಿದಿರುವುದಿಲ್ಲ. ತಪ್ಪು ಆ ವಿದ್ಯಾರ್ಥಿಯದಲ್ಲ. ಆ ಅರಿವು ಕನ್ನಡದಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ದಾಖಲಾಯಿತು. ಮತ್ತೆ ಕನ್ನಡದ ಓದಿಗೆ ಸಿಗುವಂತೆ ಮರಳಿದ್ದು ತೀರ ಕಡಿಮೆ.

ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು ಎಂಬ ಕಲ್ಪನೆಯನ್ನು ಪಶ್ಚಿಮದ ವಿಶ್ವವಿದ್ಯಾಲಯಗಳು ಬಹುಕಾಲ ಕಲಿಸಿದವು. 1872ರಲ್ಲಿ ಸ್ಥಾಪನೆಯಾದ ಯೆಲ್ಲೊಸ್ಟೋನ್ ಜಗತ್ತಿಗೆಲ್ಲ ಮಾದರಿಯಾಯಿತು. ನಿರ್ಜನ ಸೌಂದರ್ಯದ ಪ್ರತೀಕವೆನಿಸಿದ ಯೊಸೆಮಿಟಿ ಕಣಿವೆಯಿಂದ ಅಲ್ಲಿನ ಮೂಲನಿವಾಸಿಗಳನ್ನು 1851ರಲ್ಲಿ ಸಶಸ್ತ್ರ ದಳವೊಂದು ಹೊರಗಟ್ಟಿತ್ತು ಎಂಬುದು ಸುಂದರ ಚಿತ್ರಗಳಲ್ಲಿ ಕಾಣಿಸದ ಸತ್ಯ. ರಾಮಚಂದ್ರ ಗುಹಾ ಅವರು 1989ರಲ್ಲಿ ಅಮೆರಿಕದ ವಿದ್ವತ್ ಪತ್ರಿಕೆಯೊಂದರಲ್ಲಿ ಬರೆದ ಪ್ರಬಂಧ ಈ ಕಲ್ಪನೆಯನ್ನು ನೇರವಾಗಿ ಪ್ರಶ್ನಿಸಿತು. ಜನನಿಬಿಡ ಬಡ ದೇಶಗಳಿಗೆ ಅಮೆರಿಕದ ನಿರ್ಜನಾರಣ್ಯದ ಆದರ್ಶವನ್ನು ಹೊರಿಸಿದರೆ ಅದರ ಬೆಲೆಯನ್ನು ತೆರುವವರು ಬಡವರೇ ಎಂಬುದು ಅವರ ವಾದದ ತಿರುಳು. ಇಂದು ಆ ಪ್ರಬಂಧ ಅಮೆರಿಕದ ಎಷ್ಟೋ ತರಗತಿಗಳಲ್ಲಿ ಪಠ್ಯ. ಸಾಕ್ಷ್ಯಚಿತ್ರಗಳ ಮೂಲಕ ಕಾಡನ್ನು ಪ್ರೀತಿಸಲು ಕಲಿತ ಪೀಳಿಗೆಗೆ ಆ ಎಚ್ಚರ ಇನ್ನೂ ಬೇಕಾಗಿದೆ. ಚಿತ್ರದ ಚೌಕಟ್ಟಿನಲ್ಲಿ ಹುಲಿ ಇರುತ್ತದೆ. ದಾರಿ ತೋರಿಸಿದ ಜೇನುಕುರುಬ, ದಿನಗೂಲಿಯ ಮೇಲೆ ರಾತ್ರಿ ಕಾವಲು ಕಾಯುವ ವಾಚರ್ ಇರುವುದಿಲ್ಲ.

ಇಲ್ಲಿ ಮತ್ತೊಂದು ಪಕ್ಷದ ಮಾತನ್ನೂ ಕೇಳಬೇಕು. ಬಿಗಿಯಾದ ರಕ್ಷಣೆ ಇಲ್ಲದಿದ್ದರೆ ಕರ್ನಾಟಕದಲ್ಲಿ ಹುಲಿ ಉಳಿಯುತ್ತಿರಲಿಲ್ಲ ಎನ್ನುವವರ ವಾದಕ್ಕೆ ಆಧಾರವಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯ ಪ್ರಕಾರ ರಾಜ್ಯದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶವನ್ನು ಬಿಟ್ಟರೆ ದೇಶದಲ್ಲಿ ಇದೇ ಹೆಚ್ಚು. ಕಳ್ಳಬೇಟೆ, ಮರಗಳ್ಳತನ, ಗಣಿಗಾರಿಕೆಗಳ ಎದುರು ಕಾನೂನಿನ ಬಲವಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ. ಹಾಗೆಯೇ, ಹಳೆಯ ತರಗು ಬೆಂಕಿಯನ್ನು ನಾಳೆಯೇ ಮತ್ತೆ ಹಚ್ಚಿಬಿಡಿ ಎನ್ನುವುದೂ ಅವಿವೇಕವಾದೀತು. ಲಂಟಾನ ಆಳೆತ್ತರ ಬೆಳೆದು ನಿಂತ ಕಾಡಿನಲ್ಲಿ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಮರೆಯಲಾಗದು.

ಆದರೆ ರಕ್ಷಣೆ ಬೇಕು ಎಂಬ ಮಾತಿನಿಂದ, ಕಾಡಿನ ಜನರ ಅರಿವು ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತದ್ದೂ ಅದೇ ವರ್ಷ. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಜನರ ಸಮುದಾಯ ಹಕ್ಕನ್ನು ಗುರುತಿಸಿದ ಮೊದಲ ನಿದರ್ಶನಗಳಲ್ಲಿ ಅದು ಒಂದು. ಕಾನೂನು ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಚಲಾಯಿಸಿ ಕಾಡಿನ ನಿರ್ವಹಣೆಯ ಚರ್ಚೆಯಲ್ಲಿ ಸಮಾನರಾಗಿ ಕೂರಬೇಕಾದರೆ ಸೋಲಿಗರ ಕೈಗೆ ಮಾಹಿತಿಯೂ ಬರಬೇಕು. ತಮ್ಮದೇ ಕಾಡಿನಲ್ಲಿ ಲಂಟಾನ ಎಷ್ಟು ಹಬ್ಬಿದೆ, ಯಾವ ಮರದ ಸಸಿ ಕಡಿಮೆಯಾಗುತ್ತಿದೆ, ಹುಲಿ ಎಷ್ಟಿವೆ ಎಂಬ ಅಂಕಿಅಂಶಗಳು ಅವರು ಓದಲಾಗದ ಭಾಷೆಯಲ್ಲಿ, ಹಣ ಕೊಟ್ಟೇ ತೆರೆಯಬೇಕಾದ ವಿದ್ವತ್ ಪತ್ರಿಕೆಗಳಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೆ ಗ್ರಾಮಸಭೆ ಯಾವ ಆಧಾರದ ಮೇಲೆ ಮಾತನಾಡಬೇಕು?

ಭಾಷೆಯ ಈ ಅಂತರದ ಬೆಲೆ ಎಷ್ಟು ದೊಡ್ಡದೆಂಬುದನ್ನು ಮಲೆನಾಡು ಕಂಡಿದೆ. ಗಾಡ್ಗೀಳರ ನೇತೃತ್ವದ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಕೇಂದ್ರ ಸರಕಾರ ಅದನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಮಾಹಿತಿ ಹಕ್ಕಿನ ಹೋರಾಟದ ಬಳಿಕ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ತೀರ್ಮಾನಗಳು ರೂಪುಗೊಳ್ಳಲಿ ಎಂಬ ಆಶಯವುಳ್ಳ ವರದಿ, ಆ ಗ್ರಾಮಸಭೆಗಳಿಗೆ ತಲುಪುವ ಮೊದಲೇ ವದಂತಿಗಳು ತಲುಪಿದವು. ಮನೆ ಕಟ್ಟುವಂತಿಲ್ಲವಂತೆ, ದನ ಕಟ್ಟುವಂತಿಲ್ಲವಂತೆ, ಊರನ್ನೇ ಎಬ್ಬಿಸುತ್ತಾರಂತೆ ಎಂಬ ಮಾತುಗಳು ಹಬ್ಬಿದವು. ಇಂಗ್ಲಿಷಿನ ನೂರಾರು ಪುಟಗಳನ್ನು ಓದಿ ಉತ್ತರಿಸುವವರು ಊರುಗಳಲ್ಲಿ ಎಷ್ಟು ಮಂದಿ ಇದ್ದರು? ಜನರ ಮಾತನ್ನು ಆಲಿಸಲು ಹೊರಟ ವರದಿಯೇ ಜನವಿರೋಧಿಯೆಂಬ ಹೆಸರು ಹೊತ್ತಿತು. ಗಣಿ ಮತ್ತು ರೆಸಾರ್ಟ್‌ಗಳ ಹಿತಾಸಕ್ತಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಕನ್ನಡ ಸಾಹಿತ್ಯಕ್ಕೆ ಈ ವಿಷಯ ಹೊಸದಲ್ಲ. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ಹುಟ್ಟು ಜೀವವಿಜ್ಞಾನಿಯನ್ನು ಗುರುತಿಸುವವರು ವಿಜ್ಞಾನಿ ಕರ್ವಾಲೊ. ಹಾರುವ ಓತಿಯ ಹುಡುಕಾಟಕ್ಕೆ ಮಂದಣ್ಣನ ಕಣ್ಣಿಲ್ಲದೆ ಅವರಿಗೆ ದಾರಿಯಿಲ್ಲ. ಆ ಕಾದಂಬರಿಯನ್ನು ಮೆಚ್ಚಿ ಓದಿದ ಪೀಳಿಗೆಯೇ ಇಂದು ಹೊರನಾಡುಗಳಲ್ಲಿ ಮಕ್ಕಳನ್ನು ವಿಶ್ವವಿದ್ಯಾಲಯಗಳಿಗೆ ಕಳುಹಿಸುತ್ತಿದೆ. ಆ ಮಕ್ಕಳು ಸಂಶೋಧನೆಗೆಂದು ಕರ್ನಾಟಕಕ್ಕೆ ಹೋದಾಗ ಅವರಿಗೂ ಒಬ್ಬ ಮಂದಣ್ಣ ಸಿಗುತ್ತಾನೆ. ಪ್ರಬಂಧ ಮುಗಿದ ಮೇಲೆ ಅವನ ಹೆಸರು ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ಬಹುಪಾಲು ಸಲ ಕೃತಜ್ಞತೆಯ ಪುಟದ ಒಂದು ಸಾಲಿನಲ್ಲಿ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಕರ್ನಾಟಕದ ಕಾಡುಗಳ ಬಗ್ಗೆ ಯಾವ ದೇಶದ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಸಿದ್ಧವಾದರೂ ಅದರೊಡನೆ ನಾಲ್ಕಾರು ಪುಟಗಳ ಕನ್ನಡ ಸಾರಾಂಶವಿರಬೇಕು. ಪರಿಭಾಷೆಯ ಭಾರವಿಲ್ಲದ, ಪೋಡಿನಲ್ಲಿ ಗಟ್ಟಿಯಾಗಿ ಓದಿ ಹೇಳಬಹುದಾದ ಕನ್ನಡ ಅದಾಗಿರಬೇಕು. ಓದಿ ಹೇಳಿದ ಮೇಲೆ ಬರುವ ಆಕ್ಷೇಪಗಳೂ ದಾಖಲಾಗಬೇಕು. ಕೇಳಿದ ಪ್ರಶ್ನೆಯಿಂದ ಹಿಡಿದು ಕಂಡ ಉತ್ತರದವರೆಗೆ ಜೊತೆಗಿದ್ದವರ ಹೆಸರು, ಅವರ ಒಪ್ಪಿಗೆಯಿದ್ದರೆ, ಲೇಖಕರ ಸಾಲಿನಲ್ಲಿ ಬರಬೇಕು. ಭಾರತದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪ್ರಜೆಗಳೂ ಅನಿವಾಸಿ ಭಾರತೀಯರೂ ಇಲ್ಲಿನ ಜೀವಸಂಪತ್ತನ್ನು ಮತ್ತು ಅದಕ್ಕೆ ಸಂಬಂಧಿಸಿದ ಪಾರಂಪರಿಕ ಅರಿವನ್ನು ಸಂಶೋಧನೆಗೆ ಬಳಸಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಆ ಅನುಮತಿಪತ್ರ ಕಾನೂನಿನ ಬಾಯಿ ಮುಚ್ಚಿಸೀತು, ಋಣ ತೀರಿಸಲಾರದು.

ಹೊರನಾಡ ಕನ್ನಡ ಸಮುದಾಯಕ್ಕೂ ಇದರಲ್ಲಿ ಪಾಲಿದೆ. ಇಂಗ್ಲಿಷಿನ ವಿಜ್ಞಾನ ಬರಹವನ್ನು ಸಲೀಸಾಗಿ ಓದಬಲ್ಲ, ಕನ್ನಡವನ್ನು ಚೆನ್ನಾಗಿ ಬರೆಯಬಲ್ಲ ಸಾವಿರಾರು ಜನ ಈ ಸಮುದಾಯದಲ್ಲಿದ್ದಾರೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಭಾಷೆಯ ಅಳಿವು ಉಳಿವಿನ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಆ ಕಾಳಜಿಯ ಒಂದು ಪಾಲನ್ನು ಇಂಥ ಅನುವಾದಕ್ಕೆ ತಿರುಗಿಸಿದರೆ ಕನ್ನಡಕ್ಕೆ ಹೊಸ ವಿಜ್ಞಾನ ಸಾಹಿತ್ಯ ಸಿಗುತ್ತದೆ, ಕಾಡಿನವರಿಗೆ ತಮ್ಮದೇ ಅರಿವಿನ ದಾಖಲೆ ಸಿಗುತ್ತದೆ. ಸಂಘಗಳು ಕೊಡುವ ವಿದ್ಯಾರ್ಥಿವೇತನಗಳಲ್ಲಿ ಕೆಲವಾದರೂ ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳ ವಿಜ್ಞಾನದ ಓದಿಗೆ ಮೀಸಲಾಗಲಿ. ಕಾಡಿನಲ್ಲಿ ಸಂಬಳವಿಲ್ಲದೆ ಆರು ತಿಂಗಳು ಕಳೆಯಲು ಅನುಕೂಲಸ್ಥರ ಮಕ್ಕಳಿಗಷ್ಟೇ ಸಾಧ್ಯ ಎಂಬ ಸ್ಥಿತಿ ಇರುವವರೆಗೆ ಸಂರಕ್ಷಣೆ ಎಂಬುದು ಮೇಲ್ಜಾತಿ ಮೇಲ್ವರ್ಗಗಳ ಹವ್ಯಾಸವಾಗಿಯೇ ಉಳಿಯುತ್ತದೆ. ಸೋಲಿಗ ಸಮುದಾಯದಿಂದ ಬಂದು ಸಂಶೋಧಕರಾಗಿ, ಅರಣ್ಯ ಹಕ್ಕಿನ ಹೋರಾಟಗಾರರಾಗಿ ಬೆಳೆದ ಸಿ. ಮಾದೇಗೌಡರಂಥವರು ಈ ಸ್ಥಿತಿ ಬದಲಾಗಬಲ್ಲದು ಎಂಬುದಕ್ಕೆ ಸಾಕ್ಷಿ. ಅಂಥವರ ಸಂಖ್ಯೆ ಬೆರಳೆಣಿಕೆಯಲ್ಲಿ ನಿಲ್ಲಬಾರದು.

ಕಾಡನ್ನು ಪ್ರೀತಿಸುವ ವಿದ್ಯಾರ್ಥಿಗೆ ಅವಸರವಿರಬೇಕಾದದ್ದು ಕೂಡ ಇಲ್ಲಿಯೇ. ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ 1974ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಗಾಳಿ ಯಾವ ಕಡೆ ಬೀಸುವಾಗ, ಇಬ್ಬನಿ ಎಷ್ಟಿರುವಾಗ, ಯಾವ ಇಳಿಜಾರಿನಲ್ಲಿ ತರಗಿಗೆ ಬೆಂಕಿ ಇಡಬೇಕೆಂದು ಕೈಯಾರೆ ಮಾಡಿ ಬಲ್ಲವರು ಅವರೇ ಕೊನೆ. ಅವರ ಮಕ್ಕಳು ಅದನ್ನು ಕೇಳಿ ಬಲ್ಲರು, ಮೊಮ್ಮಕ್ಕಳಿಗೆ ಕಥೆಯಾಗಿ ಮಾತ್ರ ಗೊತ್ತು. ಲಂಟಾನವನ್ನು ಕಿತ್ತು ಹಾಕಲು ಯಂತ್ರಗಳು ಬಂದಾವು, ಅನುದಾನವೂ ಬಂದೀತು. ಕಿತ್ತ ಮೇಲೆ ತೆರವಾದ ನೆಲವನ್ನು ಮತ್ತೆ ಕಾಡಾಗಿ ಕಾಪಾಡುವ ಬಗೆಯನ್ನು ಕೇಳಬೇಕಾದ ಹೊತ್ತಿಗೆ ಆ ಹಿರಿಯರು ಇರಲಾರರು. ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿ ಸಫಾರಿ ಜೀಪಿನ ಚೀಟಿಗೆ ಸಾಲು ನಿಲ್ಲುವ ಮುನ್ನ ಪೋಡೊಂದರ ಹಿರಿಯರ ಬಳಿ ಕುಳಿತು, ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ತೋರಿಸಿದರೆ, ವನ್ಯಜೀವಿ ಸಂರಕ್ಷಣೆಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೊಂದಿಲ್ಲ.